ದತ್ತು ಮಗು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ದತ್ತು ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ದತ್ತು ಸಂಸ್ಥೆಯಲ್ಲಿ ಕೆಲಸ ಮಾಡಿಕೊಂಡು, ಮನೆ ವರದಿಗೆ (ದತ್ತು ಕೇಳಿದವರ ಮನೆ ನೋಡಿ, ಮಾತಾಡಿಸಿ ಬರೆಯುವ ವರದಿ) ಅಂತ ಈ ಎರಡೂ ಜಿಲ್ಲೆ ತಿರುಗಿದವಳು ನಾನು. ಆ ಅನುಭವದ ಮೇಲೆ ಉತ್ತರ ಬರೆದಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಒಂದೇ ತರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನಾವು ಸಕಲೇಶಪುರದ ಹತ್ತಿರದವರು. ನನಗೆ 36, ನಮ್ಮ ಯಜಮಾನರಿಗೆ 39. ಬೆಂಗಳೂರಿನಲ್ಲಿ ಐವಿಎಫ್ ಮಾಡಿಸಿದೆವು, ಕೈಗೂಡಲಿಲ್ಲ. ಈಗ ದತ್ತು ಅಂತ ತೀರ್ಮಾನ ಮಾಡಿದ್ದೇವೆ. ಯಾವ ಅನಾಥಾಶ್ರಮದಲ್ಲಿ ಕೇಳಬೇಕು? ಎಷ್ಟು ದಿನ ಆಗುತ್ತದೆ, ಎಷ್ಟು ಖರ್ಚು? ಮನೆ ನೋಡಲು ಬರುತ್ತಾರಂತೆ. ನಮ್ಮದು ತೋಟದ ಮಧ್ಯದ ಹಳೇ ಹೆಂಚಿನ ಮನೆ, ಅದೇ ಹೆದರಿಕೆ.

ಉತ್ತರ: ಯಾವ ಆಶ್ರಮದ ಬಾಗಿಲಿಗೂ ಹೋಗಬೇಡಿ. ಮಕ್ಕಳನ್ನು ಸಾಲಾಗಿ ನೋಡಿ ಒಂದನ್ನು ಆರಿಸಿಕೊಂಡು ಬರುವ ಪದ್ಧತಿ ಈಗಿಲ್ಲ, ಇರಲೂಬಾರದು. ಎಲ್ಲವೂ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ‘ಕಾರಾ’ (CARA) ಪ್ರಾಧಿಕಾರದ ವೆಬ್‌ಸೈಟ್ ಮೂಲಕವೇ ನಡೆಯುತ್ತದೆ. ಅಲ್ಲಿ ನೀವೇ ಹೆಸರು ನೋಂದಾಯಿಸಬೇಕು. ಗೊತ್ತಾಗದಿದ್ದರೆ ಹಾಸನದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅಲ್ಲಿ ಕೇಳಿದರೆ ಹೇಳಿಕೊಡುತ್ತಾರೆ. ಮಧ್ಯೆ ಏಜೆಂಟರು, ‘ಫಾರಂ ತುಂಬಿಸಿ ಬೇಗ ಮಾಡಿಸಿಕೊಡ್ತೀನಿ’ ಅನ್ನುವವರು ಯಾರೂ ಬೇಡ.

ನೋಂದಣಿ ಆದ 30 ದಿನದೊಳಗೆ ಕಾಗದಪತ್ರ ಅಪ್‌ಲೋಡ್ ಮಾಡಬೇಕು. ಫೋಟೊ, ಪಾನ್, ವಯಸ್ಸಿನ ದಾಖಲೆ, ವಿಳಾಸ, ಆದಾಯ, ಮದುವೆ ಸರ್ಟಿಫಿಕೇಟ್, ಡಾಕ್ಟರ ಸರ್ಟಿಫಿಕೇಟ್. ಮದುವೆ ಸರ್ಟಿಫಿಕೇಟ್ ನಮ್ಮ ಕಡೆ ತುಂಬಾ ಜನರ ಹತ್ತಿರ ಇರುವುದೇ ಇಲ್ಲ, ಛತ್ರದ ರಸೀದಿ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಅದನ್ನು ಇವತ್ತೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿ ಇಟ್ಟುಕೊಳ್ಳಿ. ವಯಸ್ಸಿನ ಲೆಕ್ಕವೂ ಇದೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿದರೆ 85 ದಾಟಬಾರದು. ನಿಮ್ಮದು 75, ಚಿಂತೆಯಿಲ್ಲ. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು.

ಆಮೇಲೆ ಮನೆ ವರದಿ. ನೀವು ಹೆದರಿರುವುದು ಇದಕ್ಕೇ ಅಲ್ವಾ? ಹೆಂಚಿನ ಮನೆ ಯಾರಿಗೂ ಅಡ್ಡಿಯಲ್ಲ. ನಾವು ಬರುತ್ತೇವೆ ಅಂದರೆ ಸಾಕು, ಮನೆಗೆ ಸುಣ್ಣ ಹೊಡೆಸಿ, ಹೊಸ ಬೆಡ್‌ಶೀಟ್ ಹಾಸಿ, ಕೋಡುಬಳೆ ಚಕ್ಕುಲಿ ಜೋಡಿಸಿಟ್ಟು, ಅತ್ತೆಯವರಿಗೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಸಿರುತ್ತಾರೆ. ಪಾಪ, ಆ ಅಜ್ಜಿ ಕಾಫಿ ಲೋಟ ಕೊಡುತ್ತಾ ‘ನಮಗೆ ಎಲ್ಲಾ ಒಪ್ಪಿಗೆ ಕಣಮ್ಮ’ ಅಂತ ಒಂದೇ ಉಸಿರಿಗೆ ಹೇಳಿ ಸೊಸೆಯ ಮುಖ ನೋಡುತ್ತಾರೆ. ನಾನು ನೋಡುತ್ತಿದ್ದದ್ದು ಬೇರೆ. ಬಾವಿಗೆ ಕಟ್ಟೆ ಇದೆಯಾ, ಕೃಷಿ ಹೊಂಡಕ್ಕೆ ಬೇಲಿ ಇದೆಯಾ, ಮೈಲುತುತ್ತ, ಔಷಧಿ ಡಬ್ಬ ಎಲ್ಲಿಟ್ಟಿದ್ದೀರಿ, ಡಿಸೆಂಬರ್ ಜನವರಿಯಲ್ಲಿ ಕಾಫಿ ಕೊಯ್ಲು ಶುರುವಾದರೆ ಮಗು ಯಾರ ಹತ್ತಿರ ಇರುತ್ತದೆ. ಇದಕ್ಕಿಂತ ಮುಖ್ಯವಾಗಿ, ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸುತ್ತೇವೆ. ಇಬ್ಬರಿಗೂ ಬೇಕಾ, ಒಬ್ಬರು ಇನ್ನೊಬ್ಬರ ಒತ್ತಾಯಕ್ಕೆ ಹೂಂ ಅಂದಿದ್ದಾರಾ, ಮಗು ಆಗಲಿಲ್ಲ ಅನ್ನುವ ದುಃಖ ಎಲ್ಲಿಗೆ ಬಂದಿದೆ. ಬಿಪಿ ಶುಗರ್ ಇದ್ದರೆ ಮುಚ್ಚಿಡಬೇಡಿ, ನಿಯಂತ್ರಣದಲ್ಲಿರುವ ಶುಗರಿಗೆ ಯಾರೂ ಬೇಡ ಅನ್ನುವುದಿಲ್ಲ. ಸಾಲ ಇದ್ದರೆ ಇದೆ ಅನ್ನಿ. ತೋಟ ಇದ್ದವರಿಗೆ ಸಾಲ ಇಲ್ಲ ಅಂದರೆ ನಂಬುವುದೇ ಕಷ್ಟ! ರಾತ್ರಿ ಆನೆ ಬರುತ್ತದೆ, ರಿಜೆಕ್ಟ್ ಮಾಡುತ್ತೀರಾ ಅಂತ ಆಲೂರು ಕಡೆ ಒಬ್ಬರು ಕೇಳಿದ್ದರು. ಆನೆ ಕಾರಣಕ್ಕೆ ಬೇಡ ಅನ್ನುವುದಾದರೆ ಆ ಭಾಗದಲ್ಲಿ ಯಾರಿಗೂ ಮಗು ಕೊಡುವ ಹಾಗೇ ಇಲ್ಲ.

ಖರ್ಚು ನಿಗದಿಯಾಗಿದೆ. ನೋಂದಣಿ ಮತ್ತು ಮನೆ ವರದಿಗೆ 6,000 ರೂಪಾಯಿ, ಮಗುವಿನ ಪಾಲನಾ ನಿಧಿಗೆ 50,000, ಮಗು ಬಂದ ಮೇಲೆ ನೋಡಲು ಬರುವ ಒಂದೊಂದು ಭೇಟಿಗೆ 2,000. ಎಲ್ಲಕ್ಕೂ ರಸೀದಿ ಇರುತ್ತದೆ. ಇದರ ಮೇಲೆ ‘ದಾನ’ ಅಂತ ಯಾರು ಕೇಳಿದರೂ ಕೊಡಬೇಡಿ, ಕಾರಾಗೆ ದೂರು ಕೊಡಿ.

ಇನ್ನು ದಿನ. ನಿಜ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರೋಗ್ಯವಾಗಿರುವ ಪುಟ್ಟ ಮಗುವೇ ಬೇಕು ಅಂದರೆ ಮೂರು ವರ್ಷಕ್ಕಿಂತ ಕಡಿಮೆ ಲೆಕ್ಕ ಹಾಕಬೇಡಿ. ಕಾಯುತ್ತಿರುವ ಕುಟುಂಬಗಳು 30 ಸಾವಿರಕ್ಕೂ ಹೆಚ್ಚು. 2024-25ರಲ್ಲಿ ಇಡೀ ದೇಶದಲ್ಲಿ ಆದ ದತ್ತು 4,500ರ ಆಸುಪಾಸು, ಅದಕ್ಕೂ ಹಿಂದಿನ ಹತ್ತು ವರ್ಷಕ್ಕೆ ಹೋಲಿಸಿದರೆ ಅದೇ ಜಾಸ್ತಿ. ಐದಾರು ವರ್ಷದ ಮಕ್ಕಳು, ಅಣ್ಣ ತಂಗಿ ಜೋಡಿ, ಏನಾದರೂ ಆರೋಗ್ಯದ ತೊಂದರೆ ಇರುವ ಮಕ್ಕಳು ಮಾತ್ರ ಅಪ್ಪ ಅಮ್ಮನಿಗಾಗಿ ಕಾಯುತ್ತಿರುತ್ತಾರೆ. ಅವರಿಗೆ ಮನಸ್ಸು ಮಾಡಿದರೆ ಸರದಿ ಬೇಗ ಬರುತ್ತದೆ. ಆದರೆ ಬೇಗ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಆ ಕಾಲಂ ಟಿಕ್ ಮಾಡಬೇಡಿ.

ಸರದಿ ಬಂದಾಗ ಮಗುವಿನ ಫೋಟೊ, ಮಗುವಿನ ವರದಿ, ಮೆಡಿಕಲ್ ವರದಿ ವೆಬ್‌ಸೈಟಿನಲ್ಲಿ ಬರುತ್ತದೆ. 48 ಗಂಟೆಯೊಳಗೆ ಕಾಯ್ದಿರಿಸಬೇಕು. ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ಆ 48 ಗಂಟೆ ಕಳೆದುಕೊಳ್ಳಬೇಡಿ, ಹಾಸನದಲ್ಲಿರುವ ತಮ್ಮನದೋ ಅಕ್ಕನದೋ ನಂಬರಿಗೆ ಮೆಸೇಜ್ ನೋಡಲು ಹೇಳಿಡಿ. ಆಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ನೋಡಿ, ಬೇಕಾದರೆ ನಿಮ್ಮದೇ ಡಾಕ್ಟರಿಗೆ ತೋರಿಸಿ, ಒಪ್ಪಿ ಸಹಿ ಹಾಕಬಹುದು. ದತ್ತು ಆದೇಶ ಮೊದಲು ಕೋರ್ಟಿನಿಂದ ಬರಬೇಕಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆದೇಶ ಬರುವವರೆಗೆ ಮಗು ಸಂಸ್ಥೆಯಲ್ಲೇ ಇರಬೇಕಿಲ್ಲ, ಪೋಷಣೆಗೆ ಅಂತ ಬರೆದುಕೊಟ್ಟು ಮೊದಲೇ ಕರೆದುಕೊಂಡು ಬರಬಹುದು.

ಪ್ರಶ್ನೆ: ಬೇಲೂರು ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ಪರಿಚಯದ ಆಯಾ ಒಬ್ಬರು, ಮದುವೆಯಾಗದ ಹುಡುಗಿಗೆ ಮುಂದಿನ ತಿಂಗಳು ಹೆರಿಗೆ ಇದೆ, ಹಣ ಕೊಟ್ಟರೆ ಹೆರಿಗೆ ದಾಖಲೆಯಲ್ಲೇ ನಿಮ್ಮ ಹೆಸರು ಹಾಕಿಸುತ್ತೇವೆ ಅಂತಿದ್ದಾರೆ. ಸರ್ಕಾರದ ದಾರಿಯಲ್ಲಿ ಮೂರ್ನಾಲ್ಕು ವರ್ಷ ಯಾರು ಕಾಯೋದು? ಮಗುವಿಗೂ ಒಂದು ಮನೆ ಸಿಕ್ಕಿದ ಹಾಗಾಯಿತು, ಇದರಲ್ಲಿ ತಪ್ಪೇನು?

ಉತ್ತರ: ಅದು ಮಗು ಮಾರಾಟ. ಸುತ್ತಿ ಬಳಸಿ ಹೇಳುವುದು ಬೇಡ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷ ದಂಡ. ಆಸ್ಪತ್ರೆಯವರು ಸೇರಿಕೊಂಡಿದ್ದರೆ ಅವರಿಗೆ ಮೂರರಿಂದ ಏಳು ವರ್ಷ. ಜೈಲಿಗಿಂತ ದೊಡ್ಡದು, ಮಗುವಿಗೆ ಎರಡು ವರ್ಷವೋ ನಾಲ್ಕು ವರ್ಷವೋ ಆಗಿ ನಿಮ್ಮನ್ನೇ ಅಮ್ಮ ಅನ್ನುವ ಹೊತ್ತಿಗೆ ವಿಷಯ ಹೊರಗೆ ಬಂದರೆ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ವಿಷಯ ಹೊರಗೆ ಬರಲು ಆ ಆಯಾಗೆ ಇನ್ನೊಂದು ಸಲ ಹಣ ಬೇಕಾದರೆ ಸಾಕು. ಆ ಹುಡುಗಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಾಕಲು ಆಗುವುದೇ ಇಲ್ಲ ಅಂದರೆ ಅವಳು ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಹಾಗೆ ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಸಮಯ ಇರುತ್ತದೆ. ಆಯಾ ಹೇಳುವ ದಾರಿಯಲ್ಲಿ ಅವಳಿಗೆ ಒಂದು ದಿನವೂ ಇಲ್ಲ.

ಪ್ರಶ್ನೆ: ಹಾಸನ ನಗರ. ನಾನು ಶಿಕ್ಷಕಿ, 43 ವರ್ಷ, ಮದುವೆಯಾಗಿಲ್ಲ. ನನಗೆ ಮಗು ಕೊಡುತ್ತಾರಾ?

ಉತ್ತರ: ಕೊಡುತ್ತಾರೆ. ಒಂಟಿ ಮಹಿಳೆ ಹೆಣ್ಣು ಮಗು, ಗಂಡು ಮಗು ಯಾವುದನ್ನಾದರೂ ಪಡೆಯಬಹುದು. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗು ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಒಂಟಿ ಪೋಷಕರ ಮಿತಿ 40, ಅದು ನಿಮಗೆ ದಾಟಿದೆ. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50. ಹಾಗಾಗಿ ಇನ್ನೂ ಯೋಚನೆ ಮಾಡುತ್ತಾ ಕೂರಬೇಡಿ. ನಿಮಗೆ ಹುಷಾರು ತಪ್ಪಿದರೆ, ಏನಾದರೂ ಆದರೆ ಮಗುವನ್ನು ನೋಡಿಕೊಳ್ಳುತ್ತೇವೆ ಅಂತ ಸಂಬಂಧಿಕರೊಬ್ಬರು ಬರೆದುಕೊಡಬೇಕಾಗುತ್ತದೆ. ಬಾಯಿಮಾತಿಗೆ ಹೂಂ ಅನ್ನುವ ತಂಗಿ ಬೇರೆ, ಸಹಿ ಹಾಕುವ ತಂಗಿ ಬೇರೆ. ಈಗಲೇ ಕೇಳಿ ನೋಡಿ.

ಪ್ರಶ್ನೆ: ಮೂಡಿಗೆರೆ ಕಡೆಯವರು ನಾವು. ನನ್ನ ಅತ್ತೆ ದತ್ತು ಮಾತೆತ್ತಿದರೆ ಊಟ ಬಿಡುತ್ತಾರೆ. ಯಾವ ಜಾತಿಯೋ, ಯಾರ ರಕ್ತವೋ, ತೋಟ ಹೊರಗಿನವರ ಪಾಲಾಗುತ್ತದೆ ಅಂತಾರೆ. ಬೇಕಾದರೆ ಭಾವನ ಮಗನನ್ನೇ ಇಟ್ಟುಕೊಳ್ಳಿ ಅಂತಲೂ ಅಂತಾರೆ. ಏನು ಮಾಡಲಿ?

ಉತ್ತರ: ಅತ್ತೆ ತಕರಾರು ಮಾಡುತ್ತಿರುವುದು ಮಗುವಿನ ಮೇಲಾ, ತೋಟದ ಮೇಲಾ ಅಂತ ಮೊದಲು ಬಿಡಿಸಿ ನೋಡಿ. ಎರಡನ್ನೂ ಕಲಸಿಕೊಂಡು ಜಗಳ ಆಡಿದರೆ ಯಾವುದೂ ಬಗೆಹರಿಯುವುದಿಲ್ಲ.

ತೋಟದ ಲೆಕ್ಕ ಸರಳ. ದತ್ತು ಆದೇಶ ಆದ ದಿನದಿಂದ ಆ ಮಗು ಎಲ್ಲದಕ್ಕೂ ನಿಮ್ಮದೇ ಮಗು. ಆಸ್ತಿಗೂ ಸೇರಿ. ‘ಸಾಕುಮಗ, ಪಾಲಿಲ್ಲ’ ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. ಇದನ್ನು ನಿಮ್ಮ ಭಾವನವರಿಗೂ ಈಗಲೇ ಗೊತ್ತು ಮಾಡಿ, ಮಗು ಬಂದ ಮೇಲೆ ಪಂಚಾಯ್ತಿ ಸೇರುವುದಕ್ಕಿಂತ ವಾಸಿ. ಮಲೆನಾಡಿನ ಕಡೆ ದತ್ತಿಗೆ ಅಡ್ಡ ಬರುವ ಹತ್ತು ಮಾತಿನಲ್ಲಿ ಎಂಟು ಮಾತು ಕೊನೆಗೆ ಎಕರೆ ಲೆಕ್ಕಕ್ಕೇ ಬಂದು ನಿಲ್ಲುತ್ತವೆ ಅಂತ ನನ್ನ ಅನಿಸಿಕೆ.

ಜಾತಿ ನೋಡಿ ಮಗು ಕೊಡುವ ಕ್ರಮ ಇಲ್ಲ. ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಯಾವ ರಾಜ್ಯ ಅಂತ ಮಾತ್ರ ಹೇಳಬಹುದು. (ನಮ್ಮ ದೇಶದಲ್ಲಿ ದತ್ತು ಹೋಗುವವರಲ್ಲಿ ಹೆಣ್ಣು ಮಕ್ಕಳೇ ಜಾಸ್ತಿ, ಗೊತ್ತಿರಲಿ.) ಇದನ್ನು ಅತ್ತೆಗೆ ವಾದ ಮಾಡಿ ಒಪ್ಪಿಸಲು ಆಗುವುದಿಲ್ಲ. ಆದರೆ ಕಾಯುವ ಮೂರು ವರ್ಷ ಇದೆಯಲ್ಲ, ಅದು ಅವರಿಗೂ ಸಿಗುತ್ತದೆ. ದತ್ತು ತೆಗೆದುಕೊಂಡ ಮನೆ ನಿಮ್ಮ ಪರಿಚಯದಲ್ಲಿ ಇದ್ದರೆ ಒಂದು ಭಾನುವಾರ ಅತ್ತೆಯನ್ನು ಊಟಕ್ಕೆ ಕರೆದುಕೊಂಡು ಹೋಗಿ, ಉಪದೇಶ ಬೇಡ, ಸುಮ್ನೆ ಹೋಗಿ ಬನ್ನಿ. ಅಷ್ಟೆಲ್ಲ ಆದ ಮೇಲೂ ಅತ್ತೆ ಅದೇ ಹಟದಲ್ಲಿದ್ದರೆ, ಮನೆ ವರದಿಗೆ ಬಂದವರ ಹತ್ತಿರ ಅದನ್ನೂ ಹೇಳಿ. ಅತ್ತೆ ಒಪ್ಪಿಲ್ಲ ಅಂತ ಅರ್ಜಿ ತಿರಸ್ಕಾರ ಮಾಡುತ್ತಾರೆ ಅಂದುಕೊಳ್ಳಬೇಡಿ. ಮಗುವಿಗೆ ಕೊಂಕು ಆಡಿದಾಗ ಗಂಡ ಯಾರ ಪರ ನಿಲ್ಲುತ್ತಾರೆ ಅಂತ ಕೇಳುತ್ತಾರೆ. ಅದಕ್ಕೆ ನಿಮ್ಮವರ ಹತ್ತಿರ ಉತ್ತರ ಇದೆಯಾ?

ಭಾವನ ಮಗನ ವಿಷಯ ಬೇರೆ ದಾರಿ. ಸಂಬಂಧಿಕರೊಳಗಿನ ದತ್ತಿಗೆ ಸರದಿ ಕಾಯಬೇಕಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಹುಡುಗನಿಗೆ 15 ತುಂಬಿರಬಾರದು, ಹೆತ್ತವರಿಬ್ಬರ ಒಪ್ಪಿಗೆ ಬೇಕು, ನಿಮಗೆ ಆಗಲೇ ಗಂಡು ಮಗ ಇರಬಾರದು. ದತ್ತ ಹೋಮ ಮಾಡಲೇಬೇಕು ಅಂತಿಲ್ಲ, ದತ್ತಕ ಪತ್ರ ನೋಂದಣಿ ಮಾತ್ರ ಮಾಡಿಸಿ. ಆದರೆ ಆ ಹುಡುಗನಿಗೆ ತನ್ನ ಅಪ್ಪ ಅಮ್ಮನ ಮನೆ ಬಿಟ್ಟು ಬರಲು ಇಷ್ಟ ಇದೆಯಾ ಅಂತ ಯಾರಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಿಂದ. ಮೂರೂವರೆ ವರ್ಷದ ಹುಡುಗಿಯನ್ನು ಬೇರೆ ರಾಜ್ಯದ ಸಂಸ್ಥೆಯಿಂದ ಕರೆತಂದು ಒಂದು ತಿಂಗಳಾಯಿತು. ಇವರನ್ನು ಕಂಡರೆ ಬಾಗಿಲ ಹಿಂದೆ ಓಡುತ್ತಾಳೆ. ಚಪಾತಿ ಮುರಿದು ದಿಂಬಿನ ಕೆಳಗೆ ಇಡುತ್ತಾಳೆ, ಇರುವೆ ಮುತ್ತುತ್ತವೆ. ಅಂಗಡಿಯಲ್ಲಿ ಯಾರು ಕೈ ಚಾಚಿದರೂ ಹೋಗುತ್ತಾಳೆ. ನಮ್ಮವರು ತುಂಬಾ ನೊಂದಿದ್ದಾರೆ. ನನಗೂ, ಹೇಳಲು ನಾಚಿಕೆ, ಒಳಗಿನಿಂದ ಪ್ರೀತಿ ಉಕ್ಕಿ ಬರುತ್ತಿಲ್ಲ. ಇದು ಸರಿಹೋಗುತ್ತದಾ?

ಉತ್ತರ: ಇದನ್ನು ಬರೆದದ್ದು ಒಳ್ಳೆಯದಾಯಿತು. ಈ ಪತ್ರ ಬರೆಯಬೇಕಾದವರು ಇನ್ನೂ ಎಷ್ಟೋ ಜನ ಸುಮ್ಮನಿದ್ದಾರೆ.

ಸಂಸ್ಥೆಯಲ್ಲಿ ನೋಡಿಕೊಳ್ಳುವವರೆಲ್ಲ ಹೆಂಗಸರು. ನಿಮ್ಮ ಮಗಳು ಇಲ್ಲಿಯವರೆಗೆ ಒಬ್ಬ ಗಂಡಸಿನ ಜೊತೆ ಒಂದೇ ಮನೆಯಲ್ಲಿ ಇದ್ದದ್ದೇ ಇರಲಿಕ್ಕಿಲ್ಲ. ದಪ್ಪ ದನಿ, ಮೀಸೆ, ಬೈಕಿನ ಶಬ್ದ, ಅವಳಿಗೆ ಎಲ್ಲವೂ ಹೊಸದು. ಇದರಲ್ಲಿ ನಿಮ್ಮವರು ಮಾಡಿದ ತಪ್ಪು ಏನೂ ಇಲ್ಲ. ಅವರು ಅವಳ ಹಿಂದೆ ಹೋಗುವುದು ಬೇಡ. ಸಂಜೆ ನೆಲದ ಮೇಲೆ ಕೂತು ಕಿತ್ತಳೆ ಹಣ್ಣು ಸುಲಿಯಲಿ, ತೊಳೆ ಬಿಡಿಸಿ ತಟ್ಟೆಯಲ್ಲಿ ಇಡಲಿ, ಕರೆಯುವುದು ಬೇಡ, ಅವಳ ಕಡೆ ನೋಡುವುದೂ ಬೇಡ. ಮೊದಲ ದಿನ ಬರುವುದಿಲ್ಲ. ಆಮೇಲೊಂದು ದಿನ ಬಂದು ಒಂದು ತೊಳೆ ತೆಗೆದುಕೊಂಡು ಓಡುತ್ತಾಳೆ. ಆಗ ‘ಬಂದ್ಲು ಬಂದ್ಲು’ ಅಂತ ಇಡೀ ಮನೆ ಚಪ್ಪಾಳೆ ತಟ್ಟಬೇಡಿ ದಯವಿಟ್ಟು. ನೀವೂ ಆ ಹೊತ್ತು ಸ್ವಲ್ಪ ಅಡುಗೆ ಮನೆಯಲ್ಲೇ ಇರಿ. ನೀವು ಪಕ್ಕದಲ್ಲಿದ್ದರೆ ಅವಳಿಗೆ ಅಪ್ಪ ಬೇಕಾಗುವುದಿಲ್ಲ.

ಚಪಾತಿಗೆ ಬಯ್ಯಬೇಡಿ. ಹೊತ್ತಿಗೆ ಸರಿಯಾಗಿ, ಅಳತೆ ಮಾಡಿ ಬಡಿಸುವ ಜಾಗದಿಂದ ಬಂದವಳು, ಮುಂದಿನ ಊಟ ಗ್ಯಾರಂಟಿ ಅಂತ ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಮುಚ್ಚಳ ಅವಳಿಗೇ ತೆಗೆಯಲು ಬರುವಂಥ ಒಂದು ಸಣ್ಣ ಸ್ಟೀಲ್ ಡಬ್ಬ ಕೊಡಿ, ಎರಡು ಬಿಸ್ಕತ್ತು, ಸ್ವಲ್ಪ ಮಂಡಕ್ಕಿ ಹಾಕಿ ಹಾಸಿಗೆ ಪಕ್ಕ ಇಡಿ, ರಾತ್ರಿ ಯಾವಾಗ ಬೇಕಾದರೂ ತಿನ್ನಬಹುದು ಅಂತ ಹೇಳಿ. ಖಾಲಿಯಾದರೆ ಕೇಳದೆ ತುಂಬಿಸಿ. ದಿಂಬಿನ ಕೆಳಗೆ ಇಡುವುದು ತಾನಾಗಿ ನಿಲ್ಲುತ್ತದೆ.

ಯಾರ ಕೈಗೆ ಬೇಕಾದರೂ ಹೋಗುತ್ತಾಳೆ ಅನ್ನುವುದನ್ನು ಮಾತ್ರ ಹಗುರವಾಗಿ ನೋಡಬೇಡಿ. ನೆಂಟರು ‘ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ’ ಅಂತಾರೆ. ತನ್ನವರು ಯಾರು, ಹೊರಗಿನವರು ಯಾರು ಅಂತ ಅವಳಿಗಿನ್ನೂ ಗೊತ್ತಾಗಿಲ್ಲ, ಅಷ್ಟೇ. ಇನ್ನೂ ಕೆಲವು ತಿಂಗಳು ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ಎಲ್ಲಾ ನೀವಿಬ್ಬರೇ ಮಾಡಿ. ಅಜ್ಜಿ ಮುದ್ದು ಮಾಡಲಿ, ತುತ್ತು ಮಾತ್ರ ನಿಮ್ಮ ಕೈಯಿಂದ ಹೋಗಲಿ. ಐನೂರು ಜನರ ನಾಮಕರಣ, ಮದುವೆ ಮನೆ, ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನದ ಕ್ಯೂ, ಎಲ್ಲಾ ಮುಂದಿನ ವರ್ಷಕ್ಕಿರಲಿ. ದೇವಿ ಪ್ರತಿ ವರ್ಷ ಬಾಗಿಲು ತೆಗೆಯುತ್ತಾಳೆ. ಅಂಗನವಾಡಿಗೂ ಅವಸರ ಬೇಡ.

ರಾತ್ರಿ ಅವಳು ಎದ್ದರೂ ಅಳುವುದಿಲ್ಲ ಅಂದರೆ ನಿಶ್ಚಿಂತೆಯಿಂದ ಮಲಗಬೇಡಿ. ಅತ್ತರೆ ಯಾರೂ ಬರುವುದಿಲ್ಲ ಅಂತ ಕಲಿತ ಮಕ್ಕಳು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಾರೆ. ನಡುರಾತ್ರಿ ಒಂದು ಸಲ ಎದ್ದು ನೋಡಿ. ಲೈಟ್ ಹಾಕಿಟ್ಟು, ಹತ್ತು ಮಕ್ಕಳ ಮಧ್ಯೆ ಮಲಗಿದವಳಿಗೆ ಕತ್ತಲೆ ಕೋಣೆ, ಒಂಟಿ ಮಂಚ ಶಿಕ್ಷೆಯ ಹಾಗೆ. ಅಲ್ಲಿಂದ ತಂದ ಹಳೇ ಬಟ್ಟೆ, ಬೊಂಬೆ ಇದ್ದರೆ ಒಗೆಯದೆ ಹತ್ತಿರ ಇಡಿ, ಆ ವಾಸನೆ ಅವಳಿಗೆ ಗೊತ್ತಿರುವುದು. ಅವಳ ಭಾಷೆಯ ಹತ್ತಿಪ್ಪತ್ತು ಮಾತು ನೀವು ಕಲಿಯಿರಿ: ನೀರು, ಹಸಿವು, ನೋವು, ಬಾ, ಸಾಕು. ಕನ್ನಡ ಅವಳಿಗೆ ನಿಮಗಿಂತ ಬೇಗ ಬರುತ್ತದೆ.

ಇನ್ನು ನಿಮ್ಮ ಮಾತು. ಪ್ರೀತಿ ಉಕ್ಕಲಿಲ್ಲ ಅಂತ ನಾಚಿಕೆ ಪಡಬೇಡಿ. ಫೋಟೊ ನೋಡಿದ ದಿನ ಎಲ್ಲರಿಗೂ ಉಕ್ಕುತ್ತದೆ, ಮನೆಗೆ ಬಂದ ಮೇಲೆ ಬಟ್ಟೆ ಒಗೆದು, ಹಟ ತಡೆದು, ನಿದ್ದೆಗೆಟ್ಟು ಸಾಕಾಗಿರುತ್ತದೆ. ಹೆತ್ತವರಿಗೂ ಹೀಗಾಗುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಕೆಲಸ ಮಾಡುತ್ತಾ ಹೋಗಿ, ಅದು ನಿಧಾನಕ್ಕೆ ಬರುತ್ತದೆ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸಂಸ್ಥೆಯವರು ನೋಡಲು ಬರುತ್ತಾರೆ. ಅವತ್ತು ಹೊಸ ಫ್ರಾಕ್ ಹಾಕಿ ‘ಎಲ್ಲಾ ಚೆನ್ನಾಗಿದೆ’ ಅಂದು ಕಳಿಸಬೇಡಿ. ಆರು ತಿಂಗಳು ಕಾಯಬೇಕು ಅಂತಲೂ ಇಲ್ಲ, ನಾಳೆಯೇ ಫೋನ್ ಮಾಡಿ ಇದೆಲ್ಲಾ ಹೇಳಿ, ಕೌನ್ಸೆಲಿಂಗ್ ಕೊಡಿಸುವುದು ಅವರ ಕೆಲಸ. ಮಗುವನ್ನು ವಾಪಸ್ ಕಳಿಸುವ ಹಂತಕ್ಕೆ ಹೋದ ಮನೆಗಳಿವೆ. ನಾನು ನೋಡಿದ ಅಂಥ ಮನೆಯವರೆಲ್ಲ ಕೊನೆಯವರೆಗೂ ಏನೂ ತೊಂದರೆ ಇಲ್ಲ ಅಂತಲೇ ಹೇಳಿದ್ದರು.

ಪ್ರಶ್ನೆ: ಅರಸೀಕೆರೆ. ಮಗನಿಗೆ ಎಂಟು ವರ್ಷ, ನಮ್ಮ ಹತ್ತಿರ ಬಂದಾಗ ಏಳು ತಿಂಗಳು. ದತ್ತು ಅಂತ ಅವನಿಗೆ ಹೇಳಿಲ್ಲ. ಹತ್ತನೇ ಕ್ಲಾಸ್ ಮುಗಿಯಲಿ ಅಂತ ಇವರು, ಹೇಳುವುದೇ ಬೇಡ ಅಂತ ಅಮ್ಮ. ಯಾವಾಗ ಹೇಳಬೇಕು?

ಉತ್ತರ: ಈ ವಾರ. ನಿಮ್ಮ ನೆಂಟರಲ್ಲಿ ಎಷ್ಟು ಜನಕ್ಕೆ ಗೊತ್ತು, ಎಣಿಸಿ ನೋಡಿ. ಅವರ ಮಕ್ಕಳಿಗೂ ಗೊತ್ತಿರುತ್ತದೆ. ಯಾವುದೋ ಮದುವೆ ಮನೆಯಲ್ಲಿ ಕ್ರಿಕೆಟ್ ಜಗಳದಲ್ಲಿ ದೊಡ್ಡಪ್ಪನ ಮಗ ‘ನಿನ್ನ ತಂದಿದ್ದು ಕಣೋ’ ಅಂದರೆ ಮುಗಿಯಿತು. ಅದಕ್ಕಿಂತ ಮೊದಲು ಅದು ನಿಮ್ಮ ಬಾಯಿಂದ ಬರಬೇಕು. ಹತ್ತನೇ ಕ್ಲಾಸ್ ಹುಡುಗನಿಗೆ ಹೇಳುವುದು ಎಲ್ಲಕ್ಕಿಂತ ಕೆಟ್ಟ ಸಮಯ, ಆ ವಯಸ್ಸಿನಲ್ಲಿ ಅವರಿಗೆ ಮೊದಲೇ ಅಪ್ಪ ಅಮ್ಮನ ಮೇಲೆ ಸಿಟ್ಟಿರುತ್ತದೆ.

ದೊಡ್ಡ ಸಭೆ ಬೇಡ. ರಾತ್ರಿ ಮಲಗುವ ಮುಂಚೆ ಬೇಡ, ಇಡೀ ರಾತ್ರಿ ಅವನೊಬ್ಬನೇ ಅದನ್ನು ಯೋಚಿಸಬೇಕಾಗುತ್ತದೆ. ಭಾನುವಾರ ಬೆಳಗ್ಗೆ, ಇಬ್ಬರೂ ಇರುವಾಗ, ಅವನ ಹಳೇ ಫೋಟೊ ತೆಗೆದುಕೊಂಡು ಕೂತು, ‘ನೀನು ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದ್ದು. ಅವರಿಗೆ ನಿನ್ನ ಸಾಕಲು ಆಗಲಿಲ್ಲ. ನಾವು ಮಗು ಬೇಕು ಅಂತ ತುಂಬಾ ದಿನದಿಂದ ಕಾಯುತ್ತಿದ್ದೆವು. ಏಳು ತಿಂಗಳಿಗೆ ನಮ್ಮ ಮನೆಗೆ ಬಂದೆ’ ಅಷ್ಟು ಹೇಳಿ. ಎಂಟು ವರ್ಷಕ್ಕೆ ಅಷ್ಟು ಸಾಕು. ‘ಬಿಟ್ಟು ಹೋದಳು’, ‘ಬಿಸಾಕಿದ್ರು’ ಅನ್ನುವ ಮಾತು ಸಿಟ್ಟಿನಲ್ಲೂ ನಿಮ್ಮ ಮನೆಯಲ್ಲಿ ಬರಕೂಡದು. ನಿಮಗೆ ಗೊತ್ತಿಲ್ಲದ್ದನ್ನು ಕಟ್ಟಿ ಹೇಳಲೂಬೇಡಿ, ಅಪ್ಪ ಅಮ್ಮ ಆಕ್ಸಿಡೆಂಟಿನಲ್ಲಿ ಹೋಗಿಬಿಟ್ಟರು ಅನ್ನುವ ಕಥೆ ತುಂಬಾ ಜನ ಹೇಳುತ್ತಾರೆ, ಆಮೇಲೆ ಅದನ್ನು ಬಿಚ್ಚಲು ಆಗದೆ ಒದ್ದಾಡುತ್ತಾರೆ.

ಅವನು ಏನೂ ಕೇಳದೆ ಆಡಲು ಹೋಗಬಹುದು, ಹೋಗಲಿ. ಒಂದು ವಾರ ಬಿಟ್ಟು ಹೋಂವರ್ಕ್ ಮಾಡುವಾಗ ‘ಅವರು ನೋಡಲು ಹೇಗಿದ್ದರು’ ಅಂತ ಕೇಳುತ್ತಾನೆ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ. ಮುಂದೆ ಹುಟ್ಟಿನ ವಿಷಯ ತಿಳಿಯಬೇಕು ಅನ್ನಿಸಿದರೆ ಅದಕ್ಕೂ ನಿಯಮದಲ್ಲಿ ದಾರಿ ಇದೆ. 18 ತುಂಬಿದ ಮೇಲೆ ಅವನೇ, ಅದಕ್ಕೂ ಮುಂಚೆ ಆದರೆ ನಿಮ್ಮ ಜೊತೆ ಸೇರಿ ಅರ್ಜಿ ಹಾಕಬಹುದು. ಹೆತ್ತವರ ಗುಟ್ಟು ಕಾಪಾಡಬೇಕಾದಲ್ಲಿ ಎಲ್ಲಾ ವಿವರ ಸಿಗುವುದಿಲ್ಲ. ಅವನು ಬಂದಾಗ ಸಂಸ್ಥೆಯವರು ಕೊಟ್ಟ ಮಗುವಿನ ವರದಿ, ಮೆಡಿಕಲ್ ಫೈಲ್, ಆದೇಶದ ಪ್ರತಿ ಎಲ್ಲಾ ಬೀರುವಿನಲ್ಲಿ ಇದ್ದಾವಾ, ಮೊದಲು ಹುಡುಕಿ. ಇಲ್ಲದಿದ್ದರೆ ಆ ಸಂಸ್ಥೆಗೆ ಈಗಲೇ ಬರೆದು ಪ್ರತಿ ತರಿಸಿಕೊಳ್ಳಿ. ನಿಮ್ಮ ಅಮ್ಮನಿಗೆ ಹೇಳುವ ಕೆಲಸ ನಿಮ್ಮದು, ಅದನ್ನು ಯಜಮಾನರ ತಲೆಗೆ ಕಟ್ಟಬೇಡಿ.